ಕೊಡುವುದಕ್ಕಿಂತ ಕಾಪಾಡುವುದು ಮೇಲು: ಶಾಸನಾಧ್ಯಯನ ಮತ್ತು ಪರಿಸರ

ದಾನಶಾಸನಗಳನ್ನು ಓದುವವರಿಗೆ ಕೊನೆಯಲ್ಲಿ ಬರುವ ಶಾಪಾಶಯ ಗೊತ್ತಿರೋದೇ. ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪ ನಮಗೆ ಬಾಯಿಪಾಠ. ಅದರ ಜೊತೆಗೇ ಎಷ್ಟೋ ಕಡೆ ಬರುವ ಇನ್ನೊಂದು ಮಾತನ್ನು ಮಾತ್ರ ಬೇಗ ದಾಟಿಬಿಡುತ್ತೇವೆ: ತಾನು ದಾನ ಕೊಡುವುದಕ್ಕಿಂತ, ಕೊಟ್ಟದ್ದನ್ನು ಪಾಲಿಸುವುದು ಹೆಚ್ಚಿನದು ಎಂಬ ಮಾತು. ನಮ್ಮ ಸಂಶೋಧನೆಯಿಂದ ಪರಿಸರದ ಮೇಲೆ ಬೀಳುವ ಹೊರೆ ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ನನಗೆ ಅದರಲ್ಲೇ ಉತ್ತರ ಕಾಣುತ್ತದೆ.

ಕಲ್ಲು ಓದುವುದರಲ್ಲಿ ಎಂಥ ಹೊರೆ ಅಂತೀರಾ? ಮೊದಲನೆಯದು ಓಡಾಟ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬೆಂಗಳೂರಿನಿಂದ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿಬರಲು 400 ಕಿ.ಮೀ.ಗೂ ಹೆಚ್ಚು. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಹೋದರೆ 60 ಕಿಲೋ ದಾಟುತ್ತದೆ. ಅಷ್ಟು ದೂರ ಹೋದರೂ ಅಲ್ಲಿರುವುದು ಪ್ರತಿಕೃತಿ; ಮೂಲ ಶಾಸನ ಇರುವುದು ಮೈಸೂರಿನಲ್ಲಿ. ಊರಿನ ಪರಿಸರ ನೋಡಬೇಕೆಂದರೆ ಹಲ್ಮಿಡಿಗೆ ಹೋಗಲೇಬೇಕು. ಅಕ್ಷರ ನೋಡುವುದಷ್ಟೇ ಉದ್ದೇಶವಾದರೆ ಮೈಸೂರಿಗೆ ರೈಲು ಸಾಕು. ಹೊರಡೋ ಮುಂಚೆ ಇಷ್ಟು ವಿಚಾರಿಸಿಕೊಂಡರೆ ಒಂದು ಪ್ರಯಾಣವೇ ಉಳಿಯುತ್ತದೆ.

ಹಿಂದಿನವರ ಕೆಲಸವನ್ನು ಹೀಗೆ ನೋಡಿ. ಬಿ. ಎಲ್. ರೈಸ್ 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳನ್ನು ತಂದರು. ಬೆಂಗಳೂರು ಜಿಲ್ಲೆಯ 9ನೆಯ ಸಂಪುಟದಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಸ್ಥಳದಲ್ಲಿಲ್ಲ; ಪಾಠ ಮಾತ್ರ ಉಳಿದಿದೆ. ಪಡಿಯಚ್ಚಿನ ಮಾತೂ ಅದೇ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ನೆಲ ಕಪ್ಪಾಗಿ ಅಕ್ಷರ ಬಿಳಿಯಾಗಿ ಮೂಡುತ್ತದೆ. ಕಾಗದ, ನೀರು, ಮಸಿ, ಅಷ್ಟೇ ಖರ್ಚು. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮೈಸೂರಿನ ಶಾಸನ ವಿಭಾಗದಲ್ಲಿ ಇಂಥ ಪಡಿಯಚ್ಚುಗಳ ದೊಡ್ಡ ಸಂಗ್ರಹವೇ ಇದೆ. ಇವನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟರೆ, ಒಂದೇ ಕಲ್ಲಿಗಾಗಿ ಹತ್ತು ಜನ ಹತ್ತು ಸಲ ಹೋಗೋದು ತಪ್ಪುತ್ತದೆ.

ಬೆಂಗಳೂರಿನ ಮಿಥಿಕ್ ಸೊಸೈಟಿ ಈ ದಾರಿ ತೋರಿಸಿದೆ. ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಒದಗಿಸುತ್ತಿದೆ. ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನವನ್ನು ಮನೆಯಲ್ಲೇ ಕೂತು, ತಿರುಗಿಸಿ, ಓರೆ ಬೆಳಕು ಬಿಟ್ಟು ಓದಬಹುದು. ಸವೆದ ಕಲ್ಲಿಗೆ ಸೀಮೆಸುಣ್ಣದ ಪುಡಿ ತಿಕ್ಕುವುದೂ ಬೇಡ, ಬಣ್ಣ ತುಂಬುವುದಂತೂ ಬೇಡವೇ ಬೇಡ.

ಡಿಜಿಟಲ್ ಅಂದಾಕ್ಷಣ ಪುಕ್ಕಟೆಯೇನಲ್ಲ. ಸರ್ವರ್‌ಗೂ ವಿದ್ಯುತ್ ಬೇಕು. ಒಂದೇ ಕಲ್ಲಿನ ನೂರಾರು ಫೋಟೋಗಳನ್ನು ಒಬ್ಬೊಬ್ಬರೂ ತಮ್ಮ ತಮ್ಮ ಕ್ಲೌಡ್‌ನಲ್ಲಿ ಪೇರಿಸಿಟ್ಟು ಯಾರಿಗೂ ತೋರಿಸದಿದ್ದರೆ, ಪರಿಸರಕ್ಕೂ ನಷ್ಟ, ವಿದ್ಯೆಗೂ ನಷ್ಟ. ಮೂಲ ಕಡತ ಸುರಕ್ಷಿತವಾಗಿ ಒಂದೆರಡು ಕಡೆ, ನೋಡಲು ಹಗುರವಾದ ಪ್ರತಿ ಎಲ್ಲರಿಗೂ, ಜೊತೆಗೆ ಊರು, ಜಾಗ, ಅಳತೆ, ತಾರೀಖು. ಇಷ್ಟಿದ್ದರೆ ಸಾಕು.

ಹಾಗಂತ ಕ್ಷೇತ್ರಕಾರ್ಯ ಬಿಡಿ ಅನ್ನುತ್ತಿಲ್ಲ. ಹೊಲದ ಬದುವಿನ ವೀರಗಲ್ಲು ತಾನಾಗಿ ನಮ್ಮ ಪರದೆಗೆ ಬರೋದಿಲ್ಲ. ಆದರೆ ಮೊದಲು ಹೋಗಬೇಕಾದ್ದು ರಸ್ತೆ ಅಗಲೀಕರಣಕ್ಕೋ ಹೊಸ ಕಟ್ಟಡಕ್ಕೋ ಸಿಕ್ಕಿಕೊಂಡ ಕಲ್ಲಿನ ಬಳಿಗೆ, ನೂರು ಸಲ ಅಚ್ಚಾದ ಪ್ರಸಿದ್ಧ ಶಾಸನದ ಬಳಿಗಲ್ಲ. ಹೋದಾಗ ಆ ಊರಿನ, ಅಕ್ಕಪಕ್ಕದ ಊರಿನ ಕಲ್ಲುಗಳನ್ನೂ ಒಟ್ಟಿಗೇ ದಾಖಲಿಸಿ. ಒಂದು ವಾಹನದಲ್ಲಿ ನಾಲ್ಕು ಜನ ಹೋಗಿ. ಬಂದ ಮೇಲೆ ಹಂಚಿಕೊಳ್ಳಿ.

ಆಚಂದ್ರಾರ್ಕವಾಗಿ ಉಳಿಯಲಿ ಎಂದು ಬರೆಸಿದವರು ಕಲ್ಲನ್ನು ಆರಿಸಿಕೊಂಡರು. ಒಮ್ಮೆ ಕೆತ್ತಿದರು, ಸಾವಿರ ವರ್ಷ ಓದಿಸಿಕೊಂಡಿತು. ನಾವು ಮಾಡುವ ದಾಖಲೆಯೂ ಹಾಗೇ ಒಮ್ಮೆ ಮಾಡಿದರೆ ಮುಗಿಯುವಂತಿರಲಿ.