ಒಂದೇ ಸೂಚ್ಯಂಕ, ಎರಡು ರಚನೆ: ಭಾರತ–ಬಾಂಗ್ಲಾದೇಶ ಜೀವನಮಟ್ಟದ ಹೋಲಿಕೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಭಾರತ ಮತ್ತು ಬಾಂಗ್ಲಾದೇಶಗಳ ಜೀವನಮಟ್ಟವನ್ನು ಹೋಲಿಸಲು ಸಾಮಾನ್ಯವಾಗಿ ಮೂರು ಬಗೆಯ ಆಕರಗಳು ಬಳಕೆಯಾಗುತ್ತವೆ: ತಲಾ ಆದಾಯದ ಅಂದಾಜುಗಳು, ಮಾನವ ಅಭಿವೃದ್ಧಿ ಸೂಚ್ಯಂಕ ಮತ್ತು ಕುಟುಂಬ ಆರೋಗ್ಯ ಸಮೀಕ್ಷೆಗಳು. ಇವುಗಳಲ್ಲಿ ಕಾಣುವ ಅಂತರಗಳ ಪೈಕಿ ಅಳತೆಯ ಕ್ರಮ ಬದಲಾದರೂ ಉಳಿಯುವಂಥವು ಯಾವುವು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ತಲಾ ಆದಾಯ

2.1. ಅಂತರರಾಷ್ಟ್ರೀಯ ಹಣಕಾಸು ನಿಧಿಯ 2020ರ ಅಕ್ಟೋಬರ್ ವರದಿಯು ಆ ವರ್ಷದ ತಲಾ ಜಿಡಿಪಿಯನ್ನು ಬಾಂಗ್ಲಾದೇಶಕ್ಕೆ 1,888 ಡಾಲರ್, ಭಾರತಕ್ಕೆ 1,877 ಡಾಲರ್ ಎಂದು ಅಂದಾಜಿಸಿತ್ತು. ವಿನಿಮಯ ದರದಲ್ಲಿ ಅಂತರ 11 ಡಾಲರ್. ಕೊಳ್ಳುವ ಶಕ್ತಿಯ ಸಮಾನತೆಯ ಆಧಾರದಲ್ಲಿ ಅದೇ ವರ್ಷದ ಅಂದಾಜು ಭಾರತಕ್ಕೆ 6,284, ಬಾಂಗ್ಲಾದೇಶಕ್ಕೆ 5,139. ಇಲ್ಲಿ ಭಾರತವೇ ಸುಮಾರು ಶೇ 22ರಷ್ಟು ಮುಂದೆ. ಜೀವನಮಟ್ಟದ ಹೋಲಿಕೆಗೆ ಎರಡನೆಯ ಮಾಪನ ಹೆಚ್ಚು ಸೂಕ್ತವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

2.2. ಆ ವರದಿಯ ಹೊತ್ತಿಗೆ ಬಾಂಗ್ಲಾದೇಶದ ಲೆಕ್ಕ 2005–06ರ ಮೂಲ ವರ್ಷವನ್ನು ಆಧರಿಸಿತ್ತು. 2021ರಲ್ಲಿ ಮೂಲ ವರ್ಷ 2015–16ಕ್ಕೆ ಬದಲಾದಾಗ 2020–21ರ ತಲಾ ರಾಷ್ಟ್ರೀಯ ಆದಾಯ 2,227 ಡಾಲರ್‌ನಿಂದ 2,554ಕ್ಕೆ ಏರಿತು. ಈ ಸುಮಾರು ಶೇ 15ರ ಏರಿಕೆ ಪರಿಷ್ಕರಣೆಯದೇ ಹೊರತು ಬೆಳವಣಿಗೆಯದಲ್ಲ. ಭಾರತ 2011–12ರ ಮೂಲ ವರ್ಷಕ್ಕೆ ಬದಲಾದದ್ದು 2015ರ ಜನವರಿಯಲ್ಲಿ. ಜತೆಗೆ ಭಾರತದ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ, ಬಾಂಗ್ಲಾದೇಶದ್ದು ಜುಲೈನಲ್ಲಿ ಆರಂಭವಾಗುತ್ತದೆ. ಕೋವಿಡ್ ವರ್ಷದ ಹೋಲಿಕೆಯಲ್ಲಿ ಈ ಮೂರು ತಿಂಗಳ ವ್ಯತ್ಯಾಸ ನಗಣ್ಯವಲ್ಲ.

2.3. ಎರಡೂ ದೇಶಗಳ ಬೆಳವಣಿಗೆಯ ಅಂಕಿಗಳು ವಿವಾದಕ್ಕೆ ಒಳಗಾಗಿವೆ. 2011–12ರ ನಂತರದ ಭಾರತದ ಬೆಳವಣಿಗೆ ದರ ವರ್ಷಕ್ಕೆ ಸುಮಾರು 2.5 ಶೇಕಡಾಂಶದಷ್ಟು ಅಧಿಕವಾಗಿ ಅಂದಾಜಾಗಿದೆ ಎಂದು ಅರ್ಥಶಾಸ್ತ್ರಜ್ಞ ಅರವಿಂದ್ ಸುಬ್ರಮಣಿಯನ್ 2019ರಲ್ಲಿ ವಾದಿಸಿದರು. ಪ್ರಧಾನ ಮಂತ್ರಿಗಳ ಆರ್ಥಿಕ ಸಲಹಾ ಮಂಡಳಿ ಅದನ್ನು ಒಪ್ಪಲಿಲ್ಲ. ಬಾಂಗ್ಲಾದೇಶದಲ್ಲಿ 2024ರ ಡಿಸೆಂಬರ್‌ನಲ್ಲಿ ವರದಿ ಸಲ್ಲಿಸಿದ, ದೇಶದ ಆರ್ಥಿಕತೆ ಕುರಿತ ಶ್ವೇತಪತ್ರ ಸಮಿತಿ ಹಿಂದಿನ ವರ್ಷಗಳ ಅಧಿಕೃತ ಬೆಳವಣಿಗೆಯ ಅಂಕಿಗಳನ್ನು ಪ್ರಶ್ನಿಸಿತು.

3. ಮಾನವ ಅಭಿವೃದ್ಧಿ ಸೂಚ್ಯಂಕ

3.1. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) 2025ರ ವರದಿಯಲ್ಲಿ (ದತ್ತಾಂಶ 2023ರದು) ಎರಡೂ ದೇಶಗಳ ಮೌಲ್ಯ 0.685, ಎರಡರ ಸ್ಥಾನವೂ 130. ಘಟಕಗಳು ಮಾತ್ರ ಬೇರೆ. ನಿರೀಕ್ಷಿತ ಜೀವಿತಾವಧಿ ಭಾರತದಲ್ಲಿ 72.0 ವರ್ಷ, ಬಾಂಗ್ಲಾದೇಶದಲ್ಲಿ 74.7. ನಿರೀಕ್ಷಿತ ಶಾಲಾ ವರ್ಷಗಳು ಕ್ರಮವಾಗಿ 13.0 ಮತ್ತು 12.3, ಸರಾಸರಿ ಶಾಲಾ ವರ್ಷಗಳು 6.9 ಮತ್ತು 6.8. ತಲಾ ರಾಷ್ಟ್ರೀಯ ಆದಾಯ 2021ರ ಕೊಳ್ಳುವ ಶಕ್ತಿಯ ಡಾಲರ್‌ಗಳಲ್ಲಿ 9,047 ಮತ್ತು 8,498.

3.2. ಈ ಅಂಕಿಗಳಿಂದ ಉಪಸೂಚ್ಯಂಕಗಳನ್ನು ಮರುಲೆಕ್ಕ ಹಾಕಿದರೆ ಆರೋಗ್ಯದಲ್ಲಿ ಬಾಂಗ್ಲಾದೇಶ ಸುಮಾರು 0.04 ಮುಂದೆ, ಶಿಕ್ಷಣದಲ್ಲಿ ಭಾರತ ಸುಮಾರು 0.02, ಆದಾಯದಲ್ಲಿ ಸುಮಾರು 0.01 ಮುಂದೆ. ಗುಣೋತ್ತರ ಸರಾಸರಿಯಲ್ಲಿ ಇವು ಪರಸ್ಪರ ವಜಾ ಆಗುತ್ತವೆ. ಆದ್ದರಿಂದ ಮೌಲ್ಯಗಳು ಸಮವಾಗಿರುವುದನ್ನು ಜೀವನಮಟ್ಟ ಸಮವಾಗಿರುವುದಕ್ಕೆ ಪುರಾವೆಯಾಗಿ ಓದುವುದು ಕಷ್ಟ.

3.3. 2.1ರ ಶೇ 22ರ ಅಂತರ ಇಲ್ಲಿ ಶೇ 6.5ರಷ್ಟಾಗಿದೆ. ಇದನ್ನು ಮೂರು ವರ್ಷಗಳ ಪ್ರಗತಿಯೆಂದು ಎಣಿಸಲಾಗದು: ಒಂದು ಜಿಡಿಪಿ, ಇನ್ನೊಂದು ರಾಷ್ಟ್ರೀಯ ಆದಾಯ, ನಡುವೆ ಬಾಂಗ್ಲಾದೇಶದ ಮೂಲ ವರ್ಷವೂ ಕೊಳ್ಳುವ ಶಕ್ತಿಯ ಆಧಾರ ವರ್ಷವೂ ಬದಲಾಗಿವೆ.

4. ಶಿಶು ಮರಣ

4.1. ಭಾರತದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಸಾವಿರ ಜೀವಂತ ಜನನಕ್ಕೆ 35.2 ಶಿಶು ಮರಣಗಳನ್ನು ದಾಖಲಿಸಿದೆ. ಬಾಂಗ್ಲಾದೇಶದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯ 2022ರ ಅಂಕಿ 25. ಇವೆರಡನ್ನು ನೇರವಾಗಿ ಕಳೆದರೆ ಅಂತರ ಸುಮಾರು 10. ಆದರೆ ಬಾಂಗ್ಲಾದೇಶದ 2017–18ರ ಸುತ್ತಿನ ಅಂಕಿ 38, ಅಂದರೆ ಭಾರತದ್ದಕ್ಕಿಂತ ಹೆಚ್ಚು. ಪ್ರತಿ ಸಮೀಕ್ಷೆಯ ದರವೂ ಹಿಂದಿನ ಐದು ವರ್ಷಗಳದ್ದಾದ್ದರಿಂದ, ಎರಡು ಸುತ್ತುಗಳ ನಡುವೆ ಸರಳರೇಖೆಯ ಇಳಿಕೆ ಎಂದು ಭಾವಿಸಿ ಭಾರತದ ಉಲ್ಲೇಖ ಅವಧಿಗೆ ಹೊಂದಿಸಿದರೆ ಬಾಂಗ್ಲಾದೇಶದ ದರ ಸುಮಾರು 31 ಬರುತ್ತದೆ. ಅಂತರ 4ರ ಆಸುಪಾಸಿಗೆ ಇಳಿಯುತ್ತದೆ.

4.2. ಮಾದರಿ ನೋಂದಣಿಯ ಅಂಕಿಗಳಲ್ಲಿ 2020ಕ್ಕೆ ಭಾರತ 28, ಬಾಂಗ್ಲಾದೇಶ 21, ಅಂತರ 7. ಭಾರತದ ನೋಂದಣಿ ಅಂಕಿಯನ್ನು (2022ಕ್ಕೆ 26) ಬಾಂಗ್ಲಾದೇಶದ ಸಮೀಕ್ಷೆಯ ಅಂಕಿಯೊಡನೆ ಇಟ್ಟರೆ ಅಂತರ 1. ಒಂದೇ ಪ್ರಶ್ನೆಗೆ 1ರಿಂದ 10ರವರೆಗೆ ಉತ್ತರಗಳಿವೆ. ಕ್ರಮದ ದೃಷ್ಟಿಯಿಂದ ಸಮರ್ಥನೀಯವಾದವು 4 ಮತ್ತು 7 ಮಾತ್ರ.

5. ಕುಂಠಿತ ಬೆಳವಣಿಗೆ ಮತ್ತು ಬಾಲ್ಯವಿವಾಹ

5.1. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಭಾರತದಲ್ಲಿ (2019–21) ಶೇ 35.5, ಬಾಂಗ್ಲಾದೇಶದಲ್ಲಿ 2017–18ರಲ್ಲಿ ಶೇ 31, 2022ರಲ್ಲಿ ಶೇ 24. ಇಲ್ಲಿ ಬಾಂಗ್ಲಾದೇಶದ ಹಿಂದಿನ ಅಂಕಿಯೂ ಭಾರತದ್ದಕ್ಕಿಂತ ಕಡಿಮೆ. ಆದ್ದರಿಂದ ಕಾಲಹೊಂದಾಣಿಕೆಯ ಬಳಿಕವೂ ಅಂತರ ಉಳಿಯುತ್ತದೆ (ಸುಮಾರು 8 ಶೇಕಡಾಂಶ).

5.2. 20–24 ವಯಸ್ಸಿನ ಮಹಿಳೆಯರ ಪೈಕಿ 18 ತುಂಬುವ ಮೊದಲೇ ಮದುವೆಯಾದವರು ಭಾರತದಲ್ಲಿ ಶೇ 23.3, ಬಾಂಗ್ಲಾದೇಶದಲ್ಲಿ 2017–18ರಲ್ಲಿ ಶೇ 59, 2022ರಲ್ಲಿ ಸುಮಾರು ಶೇ 50. ಇದೂ ಸುತ್ತು ಬದಲಾದರೂ ಉಳಿಯುವ ಅಂತರ, ಆದರೆ ವಿರುದ್ಧ ದಿಕ್ಕಿನದು. ಮಾನವ ಅಭಿವೃದ್ಧಿ ಸೂಚ್ಯಂಕದ ಲೆಕ್ಕದಲ್ಲಿ ಈ ಎರಡೂ ಅಂಶಗಳು ನೇರವಾಗಿ ಸೇರುವುದಿಲ್ಲ.

6. ಹೋಲಿಕೆಯ ಘಟಕ

ಅದೇ ಭಾರತೀಯ ಸಮೀಕ್ಷೆಯಲ್ಲಿ ಪಶ್ಚಿಮ ಬಂಗಾಳದ ಅಂಕಿಗಳು: ಶಿಶು ಮರಣ 22.0, ಕುಂಠಿತ ಬೆಳವಣಿಗೆ ಶೇ 33.8, ಬಾಲ್ಯವಿವಾಹ ಶೇ 41.6. ಕರ್ನಾಟಕದವು ಕ್ರಮವಾಗಿ 25.4, ಶೇ 35.4, ಶೇ 21.3. ಶಿಶು ಮರಣದಲ್ಲಿ ಎರಡೂ ರಾಜ್ಯಗಳು ರಾಷ್ಟ್ರೀಯ ಸರಾಸರಿಗಿಂತ ಬಹಳ ಕೆಳಗಿದ್ದು ಬಾಂಗ್ಲಾದೇಶದ 2022ರ ಮಟ್ಟದಲ್ಲಿವೆ. ಕುಂಠಿತ ಬೆಳವಣಿಗೆಯಲ್ಲಿ ಸರಾಸರಿಯ ಬಳಿಯೇ ಇವೆ. ಬಾಲ್ಯವಿವಾಹದಲ್ಲಿ ಪಶ್ಚಿಮ ಬಂಗಾಳ ಕರ್ನಾಟಕಕ್ಕಿಂತ ಬಾಂಗ್ಲಾದೇಶಕ್ಕೆ ಹತ್ತಿರ. ಈ ಅಂಶದಲ್ಲಿ ರಾಷ್ಟ್ರೀಯ ಗಡಿಗಿಂತ ಪ್ರಾದೇಶಿಕ ರೂಢಿ ಹೆಚ್ಚು ನಿರ್ಣಾಯಕವಾಗಿರಬಹುದು ಎಂದಷ್ಟೇ ಇದರಿಂದ ಊಹಿಸಬಹುದು.

7. ತೀರ್ಮಾನ

(ಅ) ತಲಾ ಆದಾಯದಲ್ಲಿ ಬಾಂಗ್ಲಾದೇಶ ಭಾರತವನ್ನು ‘ಹಿಂದಿಕ್ಕಿತು’ ಎಂಬ 2020ರ ಹೇಳಿಕೆ ವಿನಿಮಯ ದರದ ಲೆಕ್ಕಕ್ಕೆ ಸೀಮಿತ. (ಆ) ಶಿಶು ಮರಣದಲ್ಲಿ ಬಾಂಗ್ಲಾದೇಶ ಮುಂದಿರುವ ಸಂಭವ ಹೆಚ್ಚು. ಅಂತರದ ಗಾತ್ರ ಮಾತ್ರ ಆಕರಾಧೀನ. (ಇ) ಮಕ್ಕಳ ಬೆಳವಣಿಗೆಯಲ್ಲಿ ಬಾಂಗ್ಲಾದೇಶ, ಹೆಣ್ಣುಮಕ್ಕಳ ವಿವಾಹ ವಯಸ್ಸಿನಲ್ಲಿ ಭಾರತ ಮುಂದಿರುವುದು ಇಲ್ಲಿ ಪರಿಶೀಲಿಸಿದ ಸುತ್ತುಗಳ ಮಟ್ಟಿಗೆ ಸ್ಥಿರ. ಎರಡು ದಿಕ್ಕಿನ ಈ ಅಂತರಗಳನ್ನು ಒಂದೇ ಅಂಕಿಗೆ ಇಳಿಸುವ ಹೋಲಿಕೆಯಲ್ಲಿ ಘಟಕಗಳನ್ನೂ ಉಲ್ಲೇಖ ಅವಧಿಯನ್ನೂ ಪ್ರತ್ಯೇಕವಾಗಿ ನಮೂದಿಸುವುದು ಕನಿಷ್ಠ ಅಗತ್ಯ.