ಬದುವಿನ ಸೊಪ್ಪು ಗಾಜಿನ ತಾಟಿಗೆ ಬಂದ ಕಥಿ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮ್ಯಾಗ ಗಿಡಮೂಲಿಕೆಯ ಚರಿತ್ರಿ ಹೇಳಬೇಕಂದ್ರ ಮೊದಲು ಕಲ್ಯಾಣಕ್ಕ ಹೋಗಬೇಕು. ಉಮರ್ಗಾದಿಂದ ಬಸವಕಲ್ಯಾಣ ದೂರಿಲ್ಲ. ಅಲ್ಲಿ ಆಳಿದ ಚಾಲುಕ್ಯರ ಮನೆತನದ ಕೀರ್ತಿವರ್ಮ 12ನೇ ಶತಮಾನದಾಗ ಕನ್ನಡದಾಗೇ ‘ಗೋವೈದ್ಯ’ ಬರೆದ. ಅದರಾಗ ದನದ ರೋಗಕ್ಕ ಔಷಧಾನೂ ಅದ, ಮಂತ್ರಾನೂ ಅದ. ಗುಣ ಮಾಡಿದ್ದು ಸೊಪ್ಪೋ ಮಂತ್ರವೋ ಅಂತ ಬೇರೆ ಮಾಡಿ ನೋಡೋ ದಾರಿ ಆಗ ಇರಲಿಲ್ಲ. ದನ ಎದ್ದು ಮೇವಿಗೆ ಬಾಯಿ ಹಾಕಿತಂದ್ರ ಮುಗೀತು.

ಆ ದಾರಿ ಬಹಳ ತಡಾ ಬಂತು. 1887ರಾಗ ಜರ್ಮನಿಯ ಪೆಟ್ರಿ ಎಂಬವರು ಮುಚ್ಚಳದ ಗಾಜಿನ ತಾಟು ಮಾಡಿದ್ರು. 1928ರಾಗ ಫ್ಲೆಮಿಂಗ್ ಅವರು ಅಂಥದೇ ತಾಟಿನಾಗ ಬೂಷ್ಟು ಬಂದ ಜಾಗದ ಸುತ್ತ ರೋಗಾಣು ಕರಗಿದ್ದು ಕಂಡ್ರು; ಪೆನ್ಸಿಲಿನ್ ಹುಟ್ಟಿದ್ದು ಅಲ್ಲಿಂದ.

ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಸೊಪ್ಪಿನ ಪರೀಕ್ಷೆ ಇವತ್ತಿಗೂ ಅದೇ ನಮೂನಿ. ಎಲಿ ನೆರಳಾಗ ಒಣಗಿಸಿ, ಪುಡಿ ಮಾಡಿ, ನೀರಿನಾಗೋ ಸ್ಪಿರಿಟ್ಟಿನಾಗೋ ನೆನೆಸಿ, ಸೋಸಿ ಸಾರ ತೆಗೀತಾರ. ತಾಟಿನಾಗ ರೋಗಾಣು ಬಿತ್ತಿ, ಸಾರ ಅದ್ದಿದ ಸಣ್ಣ ಕಾಗದದ ಬಿಲ್ಲೆ ಇಡ್ತಾರ. ಮರುದಿನ ಬಿಲ್ಲೆಯ ಸುತ್ತ ಬೆಳಿ ಬರದ ಬರೀ ಜಾಗ ಕಂಡ್ರ ಅದನ್ನ ಮಿಲಿಮೀಟರಿನಾಗ ಅಳೀತಾರ. ಪಕ್ಕಕ್ಕ ಬರೀ ಸ್ಪಿರಿಟ್ಟಿನ ಬಿಲ್ಲೆ ಒಂದು, ಗೊತ್ತಿದ್ದ ಔಷಧದ್ದು ಒಂದು ಇರಲೇಬೇಕು. ನಾವು ಹಾಡೋರು ಏಕತಾರಿಯ ಶ್ರುತಿ ಹಿಡಿದು ಕೊರಳು ನೋಡ್ಕೊಂಡಂಗ ಇದು. ಶ್ರುತಿ ಇಲ್ಲದ ಹಾಡು ಎಲ್ಲಾನೂ ಚಂದನೇ ಅನಸ್ತದ.

ಇನ್ನೊಂದು ಪರೀಕ್ಷೆ ಅದ, ಉತ್ಕರ್ಷಣ ತಡೆಯೋದು ಅಂತಾರ. ಹೆಸರು ದೊಡ್ಡದು, ಸಂಗತಿ ನಮ್ಮ ಅಡಗಿಮನ್ಯಾಗೇ ಅದ. ಹೆಚ್ಚಿದ ಬದನೀಕಾಯಿ ಗಾಳಿಗೆ ಕಪ್ಪಾಗ್ತದ. ನಿಂಬಿ ರಸ ಹಚ್ಚಿದ್ರ ತಡೀತದ. ಪ್ರಯೋಗಶಾಲೆಯಾಗ ಒಂದು ನೇರಳೆ ಬಣ್ಣದ ದ್ರವ ಇಟ್ಟು ಸಾರ ಹಾಕ್ತಾರ. ನೇರಳೆ ಹೋಗಿ ಹಳದಿ ಆದಷ್ಟೂ ಸಾರದ ಕಸುವು ಹೆಚ್ಚು. ಈ ರೀತಿ ಬಂದದ್ದು 1958ರಾಗ.

ಆದ್ರ ತಾಟಿನಾಗ ರೋಗಾಣು ಸತ್ತ ಮಾತ್ರಕ್ಕ ಅದು ಔಷಧ ಅಲ್ಲ. ಬೆಂಕಿನೂ ಕೊಲ್ತದ. ಎಕ್ಕಿಯ ಹಾಲು ಕಣ್ಣಿಗೆ ಬಿದ್ರ ಕಣ್ಣು ಕೆಡ್ತದ. ಕುಡಗೋಲು ತಾಗಿದ ಗಾಯಕ್ಕ ಸೊಪ್ಪು ಹಿಂಡಿಕೊಂಡು ಧನುರ್ವಾಯುವಿನ ಸೂಜಿ ಬಿಟ್ಟವರನ್ನ ನಾನು ಕಂಡೀನಿ; ಆ ಧೈರ್ಯ ಬ್ಯಾಡ.

ಪರೀಕ್ಷೆಗಿಂತ ಮೊದಲು ಗಿಡ ಯಾವುದು ಅಂತ ಖಾತ್ರಿ ಆಗಬೇಕು. ‘ಬ್ರಾಹ್ಮಿ’ ಅಂದ್ರ ಒಬ್ಬರು ಒಂದೆಲಗ ತರ್ತಾರ, ಇನ್ನೊಬ್ಬರು ನೀರುಬ್ರಾಹ್ಮಿ. ಈ ಕೆಲಸ ನಮ್ಮ ಸೀಮಿಗೆ ಮಾಡಿಕೊಟ್ಟವರು ಔರಂಗಾಬಾದಿನ ವಿಶ್ವವಿದ್ಯಾಲಯದ ವಿ.ಎನ್. ನಾಯಕರು. ಅವರ ಉಸ್ಮಾನಾಬಾದ ಜಿಲ್ಲೆಯ ಸಸ್ಯಗಳ ಪುಸ್ತಕ 1979ರಾಗ ಬಂತು. ಆಗ ನಮ್ಮ ಮೂರೂ ತಾಲೂಕು ಆ ಜಿಲ್ಲೆದಾಗೇ ಇದ್ವು. ಮರಾಠವಾಡಾದ್ದು ಎರಡು ಸಂಪುಟ 1998ರಾಗ.

ಬರೆದಿಟ್ಟದ್ದು ಹೆಂಗ ಉಳಸ್ತದ ಅಂಬೋದಕ್ಕ ಅರಿಶಿಣ ನೋಡ್ರಿ. ಗಾಯಕ್ಕ ಅರಿಶಿಣ ಹಚ್ಚೋದಕ್ಕ ಅಮೆರಿಕದಾಗ 1995ರಾಗ ಪೇಟೆಂಟ್ ಕೊಟ್ಟಿದ್ರು. ನಮ್ಮ ಸಿ.ಎಸ್.ಐ.ಆರ್. ಹಳೆಯ ಗ್ರಂಥ, ಲೇಖನ ಮುಂದಿಟ್ಟು ವಾದ ಮಾಡಿತು. 1997ರಾಗ ಅದು ರದ್ದಾಯ್ತು. ಬರೀ ಬಾಯಿಮಾತು ಆಗಿದ್ರ ಯಾರು ಕೇಳ್ತಿದ್ರು?

1956ರ ತನಕ ಉದಗೀರ, ನಿಲಂಗಾ ಬೀದರ ಜಿಲ್ಲೆದಾಗ ಇದ್ವು. ಆಮ್ಯಾಲೆ ಮಕ್ಕಳ ಸಾಲಿ ಮರಾಠಿ ಆಯ್ತು. ಮರಾಠಿ ನಮಗೇನು ಪರಕೀಯಲ್ಲ, ಅಭಂಗಾನೂ ಹಾಡ್ತೀವಿ. ಆದ್ರ ‘ತಂಗಡಿ’, ‘ಉತ್ತರಾಣಿ’, ‘ಲಕ್ಕಿ’ ಅಂಬೋ ಹೆಸರು ಮುದುಕಿಯರ ಬಾಯಾಗ ಮಾತ್ರ ಉಳಿದಾವ. ಅದಕ್ಕ ನಮ್ಮ ವಾಚನಾಲಯದಾಗ ಒಂದು ವಹಿ ಇಟ್ಟೀವಿ. ಒಂದು ಪುಟಕ್ಕ ಒಣಗಿದ ಒಂದು ಟೊಂಗಿ, ಕೆಳಗ ಕನ್ನಡ, ಮರಾಠಿ ಹೆಸರು, ಯಾವ ಹೊಲದಾಗ ಸಿಕ್ತು, ಯಾವುದಕ್ಕ ಹಚ್ತಿದ್ರು. ಲ್ಯಾಟಿನ್ ಹೆಸರಿನ ಸಾಲು ಗುರುಗಳಿಗೆ ಬಿಟ್ಟೀವಿ.