ಅಚ್ಚಿನ ಮನೆಯ ಕನಸು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಪಾಯ ತೆಗೆದ ದಿನದಿಂದ ಗೃಹಪ್ರವೇಶದವರೆಗೆ ಮೇಸ್ತ್ರಿಯ ಹಿಂದೆ ಅಲೆಯಬೇಕು. ಮಳೆ ಬಂದರೆ ಕೆಲಸ ನಿಲ್ಲುತ್ತದೆ. ಸಿಮೆಂಟಿನ ಬೆಲೆ ಏರಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬಟ್ಟೆ, ಬೈಸಿಕಲ್, ಕಾರು ಎಲ್ಲವೂ ಕಾರ್ಖಾನೆಯಿಂದ ಸಿದ್ಧವಾಗಿ ಹೊರಬರುವಾಗ ಮನೆಯೊಂದೇ ಏಕೆ ಹಾಗೆ ಬರಬಾರದು? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯದಲ್ಲಿ ಬೆಂಗಳೂರಿಗೂ ಮಂಗಳೂರಿಗೂ ಪಾಲಿದೆ ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ.

ಎರಡನೆಯ ಮಹಾಯುದ್ಧ ಮುಗಿದಾಗ ಅನೇಕ ದೇಶಗಳಲ್ಲಿ ಮನೆಗಳ ತೀವ್ರ ಕೊರತೆಯಿತ್ತು. ಇನ್ನೊಂದೆಡೆ ಯುದ್ಧವಿಮಾನದ ಕಾರ್ಖಾನೆಗಳಿಗೆ ಕೆಲಸವಿರಲಿಲ್ಲ. ಬ್ರಿಟನ್ ಸರ್ಕಾರ ಇವೆರಡನ್ನೂ ಜೋಡಿಸಿತು. 1945ರಿಂದ 1949ರೊಳಗೆ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪುಟ್ಟ ‘ಪ್ರಿಫ್ಯಾಬ್’ ಮನೆಗಳು ಎದ್ದುನಿಂತವು. ಹತ್ತು ವರ್ಷ ಬಾಳಿದರೆ ಸಾಕೆಂದು ಮಾಡಿದ ಮನೆಗಳಲ್ಲಿ ಜನ ಹಲವು ದಶಕ ಬದುಕಿದರು. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಕಾರ್ಲ್ ಸ್ಟ್ರಾಂಡ್‌ಲುಂಡ್ ಎಂಬ ಉದ್ಯಮಿ ಹಳೆಯ ವಿಮಾನ ಕಾರ್ಖಾನೆಯನ್ನೇ ಹಿಡಿದು, ಎನಾಮಲ್ ಲೇಪಿಸಿದ ಉಕ್ಕಿನ ‘ಲಸ್ಟ್ರಾನ್’ ಮನೆಗಳನ್ನು ತಯಾರಿಸತೊಡಗಿದ. ಅವಕ್ಕೆ ಸುಣ್ಣ ಬಣ್ಣದ ಗೊಡವೆ ಇರಲಿಲ್ಲ. ದಿನಕ್ಕೆ ನೂರು ಮನೆ ಎಂಬುದು ಅವನ ಗುರಿ. ಆದರೆ ಸರ್ಕಾರದಿಂದ 3 ಕೋಟಿ 70 ಲಕ್ಷ ಡಾಲರಿಗೂ ಹೆಚ್ಚು ಸಾಲ ಪಡೆದ ಕಂಪನಿ ಸುಮಾರು 2,500 ಮನೆಗಳನ್ನಷ್ಟೇ ಮಾಡಿ, 1950ರಲ್ಲಿ ದಿವಾಳಿಯಾಯಿತು.

ಅದೇ ಹೊತ್ತಿನಲ್ಲಿ ಭಾರತವೂ ಇದೇ ದಾರಿ ಹಿಡಿದಿತ್ತು. ದೇಶವಿಭಜನೆಯ ನಂತರ ದೆಹಲಿಯೊಂದಕ್ಕೇ ಸುಮಾರು ಐದು ಲಕ್ಷ ನಿರಾಶ್ರಿತರು ಬಂದಿದ್ದರು. ಕೋಟೆಗಳ ಒಳಗೆ, ಡೇರೆಗಳಲ್ಲಿ, ರಸ್ತೆಯ ಬದಿಯಲ್ಲಿ ಸಂಸಾರಗಳು ದಿನ ದೂಡುತ್ತಿದ್ದವು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಇಷ್ಟು ಜನಕ್ಕೆ ಸೂರು ಕಟ್ಟುವುದು ಎಂದಿಗೆ? 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ನೇಮಕಗೊಂಡ ಆಟೊ ಕ್ಯೋನಿಗ್ಸ್‌ಬರ್ಗರ್ ಇದಕ್ಕೆ ಕಾರ್ಖಾನೆಯಲ್ಲಿ ಉತ್ತರ ಹುಡುಕಿದರು.

ಬರ್ಲಿನ್‌ನಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ ಯಹೂದಿ ಮೂಲದವರು. ಹಿಟ್ಲರನ ಆಡಳಿತದಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟಿದ್ದರು. 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಕೈಯಿಂದ ಮೂಡಿದವು. ನೆಲೆ ತಪ್ಪಿದ ಬದುಕು ಎಂದರೇನೆಂದು ಸ್ವತಃ ಕಂಡವರಿಗೆ ನಿರಾಶ್ರಿತರ ಮನೆಯ ಹೊಣೆ ಬಂದಿತ್ತು.

ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಸ್ಥಾಪನೆಯಾಯಿತು. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ದೊಡ್ಡ ಹಲಗೆಗಳನ್ನು ಎರಕ ಹೊಯ್ದು, ಲಾರಿಯಲ್ಲಿ ಸಾಗಿಸಿ, ನಿವೇಶನದಲ್ಲಿ ಜೋಡಿಸಿ ಗೋಡೆ ಮಾಡುವುದು ಯೋಜನೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಲಗೆಗಳು ಬಿರುಕು ಬಿಟ್ಟವು. ತಯಾರಿಕೆ ತಡವಾಯಿತು, ವೆಚ್ಚ ಏರಿತು, ಸಂಸತ್ತಿನಲ್ಲಿ ಟೀಕೆಯ ಮಳೆ ಸುರಿಯಿತು. 1951ರಲ್ಲಿ ಕ್ಯೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ನಿಗೆ ಹೋದರು. ಮುಂದೆ ಉಷ್ಣವಲಯದ ವಾಸ್ತುಶಿಲ್ಪದ ಬೋಧಕರಾಗಿ ಅವರು ಜಗತ್ತಿಗೇ ಹೆಸರಾದರು.

ದೆಹಲಿಗೆ ಸಮೀಪದ ಫರೀದಾಬಾದಿನಲ್ಲಿ ಅದೇ ವರ್ಷಗಳಲ್ಲಿ ಬೇರೆಯೇ ಒಂದು ಪ್ರಯೋಗ ನಡೆದಿತ್ತು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿದ್ದರು. ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರನ್ನು ಅದು ಕಾರ್ಮಿಕ ಸಹಕಾರ ಸಂಘಗಳಲ್ಲಿ ಸಂಘಟಿಸಿತು. ಅಂಗಡಿ ನಡೆಸಿದವರು, ಎಂದೂ ಕರಣೆ ಹಿಡಿಯದವರು ಮಣ್ಣು ಹೊತ್ತರು, ಗೋಡೆ ಎಬ್ಬಿಸಿದರು. ತಮ್ಮ ಊರನ್ನು ತಾವೇ ಕಟ್ಟಿಕೊಂಡರು. ಅಲ್ಲಿ ಮನೆಯ ಜತೆಗೆ ಕೂಲಿಯೂ ಸಿಕ್ಕಿತು, ಕಸುಬೂ ಕೈಗೆ ಹತ್ತಿತು.

ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಯಂತ್ರ ಸೋತಿತು, ಕೈ ಗೆದ್ದಿತು ಎಂದು ತೀರ್ಪು ಕೊಡುವುದು ಸುಲಭ. ವಾಸ್ತವ ಅಷ್ಟು ಸರಳವಲ್ಲ. ಕಾರ್ಖಾನೆಯ ಮನೆಗೆ ಕೆಲವು ಷರತ್ತುಗಳಿವೆ. ಯಂತ್ರಕ್ಕೆ ಹಾಕಿದ ಬಂಡವಾಳ ಹಿಂತಿರುಗಬೇಕಾದರೆ ವರ್ಷವಿಡೀ ಬೇಡಿಕೆ ಇರಬೇಕು. ಮೇಸ್ತ್ರಿಗೆ ಕೆಲಸವಿಲ್ಲದ ದಿನ ಕೂಲಿ ಕೊಡಬೇಕಿಲ್ಲ. ಆದರೆ ಯಂತ್ರ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ. ಭಾರವಾದ ಗೋಡೆಗಳನ್ನು ದೂರ ಸಾಗಿಸಿದರೆ ಉಳಿತಾಯವೆಲ್ಲ ದಾರಿಯಲ್ಲೇ ಕರಗುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬೆಸುಗೆ. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಹೊಸ ಕಟ್ಟಡದಲ್ಲಿ ಅಡುಗೆ ಅನಿಲ ಸಿಡಿದು ಒಂದು ಗೋಡೆಹಲಗೆ ಹೊರಬಿತ್ತು. ಅದನ್ನು ನೆಚ್ಚಿಕೊಂಡಿದ್ದ ಮೇಲಿನ ಕೆಳಗಿನ ಅಂತಸ್ತುಗಳ ಮೂಲೆ ಇಸ್ಪೀಟು ಎಲೆಗಳಂತೆ ಕುಸಿಯಿತು. ನಾಲ್ವರು ಸತ್ತರು.

ಷರತ್ತುಗಳು ಕೂಡಿಬಂದ ಕಡೆ ಅಚ್ಚಿನ ಮನೆ ಗೆದ್ದೂ ಇದೆ. ಜಪಾನಿನಲ್ಲಿ ಸೆಕಿಸುಯಿ ಕಂಪನಿ 1971ರಿಂದ ಕೋಣೆಗಳನ್ನೇ ಕಾರ್ಖಾನೆಯಲ್ಲಿ ತಯಾರಿಸಿ, ನಿವೇಶನದಲ್ಲಿ ಜೋಡಿಸುತ್ತ ಬಂದಿದೆ. ದೆಹಲಿಯ ಕಾರ್ಖಾನೆಯೂ ಸಾಯಲಿಲ್ಲ. 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಗಿ, 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಆಗಿ ಹೆಸರು ಬದಲಿಸಿಕೊಂಡಿತು. ವಿದ್ಯುತ್ ಕಂಬ, ರೈಲು ಹಳಿಯ ಸ್ಲೀಪರುಗಳಂಥ ಕಾಂಕ್ರೀಟ್ ಸಾಮಾನು ಮಾಡಿ ಬದುಕಿತು. ಕಂಬ ಎಲ್ಲಿ ನಿಂತರೂ ಕಂಬವೇ. ಒಂದೇ ಅಚ್ಚು ಸಾವಿರ ಸಲ ಬಳಕೆಗೆ ಬರುತ್ತದೆ.

ಬೆಂಗಳೂರಿಗರು ಈ ತಂತ್ರವನ್ನು ಕಣ್ಣಾರೆ ಕಂಡದ್ದು 2017ರಲ್ಲಿ, ಇಂದಿರಾ ಕ್ಯಾಂಟೀನುಗಳು ತಲೆ ಎತ್ತಿದಾಗ. ಕೃಷ್ಣಗಿರಿಯ ಕಾರ್ಖಾನೆಯಲ್ಲಿ ಎರಕ ಹೊಯ್ದ ಗೋಡೆಗಳು ಬಂದವು, ಜೋಡಣೆ ದಿನಗಳಲ್ಲಿ ಮುಗಿಯಿತು. ಒಂದೇ ನಮೂನೆ, ಒಬ್ಬನೇ ಗಿರಾಕಿ, ಹತ್ತಿರದ ಕಾರ್ಖಾನೆ: ಷರತ್ತುಗಳೆಲ್ಲ ಕೂಡಿದ್ದವು. ಆ ಕಾರ್ಖಾನೆಯನ್ನು 2018ರಲ್ಲಿ ಸೇರಿಸಿಕೊಂಡ ಅಮೆರಿಕದ ಕಟೆರಾ ಕಂಪನಿ ಮಾತ್ರ ನೂರಾರು ಕೋಟಿ ಡಾಲರ್ ಬಂಡವಾಳ ಕರಗಿಸಿ, 2021ರಲ್ಲಿ ಬಾಗಿಲು ಹಾಕಿತು. ಲಸ್ಟ್ರಾನ್ ಕತೆಯೇ ಎಪ್ಪತ್ತು ವರ್ಷಗಳ ಬಳಿಕ ಮರಳಿ ನಡೆದಂತಾಯಿತು.

ಗೋಡೆಯನ್ನು ಯಂತ್ರ ಬೇಗ ಮಾಡಬಲ್ಲದು. ನಿವೇಶನ, ನೀರು, ರಸ್ತೆ, ಸಾಲ ಇವನ್ನು ಅದು ಮಾಡಲಾರದು. ಬಡವನ ಮನೆ ತಡವಾಗುವುದು ಬಹುಮಟ್ಟಿಗೆ ಇವುಗಳಿಂದಲೇ. ಗಾರೆ ಕೆಲಸವನ್ನೇ ನೆಚ್ಚಿದ ಕೋಟ್ಯಂತರ ಸಂಸಾರಗಳಿರುವ ದೇಶದಲ್ಲಿ, ಮನೆ ಎಷ್ಟು ಬೇಗ ಏಳುತ್ತದೆ ಎಂಬುದರ ಜತೆಗೆ, ಅದನ್ನು ಕಟ್ಟುವ ಕೂಲಿ ಯಾರ ಕೈ ಸೇರುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ. ದೆಹಲಿಯ ಕಾರ್ಖಾನೆ ಮೊದಲ ಪ್ರಶ್ನೆಯನ್ನು ಎತ್ತಿತು. ಫರೀದಾಬಾದಿನ ಜನ ಎರಡನೆಯದಕ್ಕೆ ತಮ್ಮ ಕೈಯಿಂದಲೇ ಉತ್ತರ ಕೊಟ್ಟರು.